ಮೂರನೇ ನಂಬರಿನ ಬಿಲ್ಲೆ

ಬೆಟ್ಟದಪುರ
೧೮-೯-೨೦೦೯

ಪ್ರೀತಿಯ ಮಗ ಮಹೇಶ್‌ಕುಮಾರನಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಬೆನ್ನುನೋವು ಹೇಗಿದೆ? ಕಲ್ಲಿಕೋಟೆಯಲ್ಲಿ ನಿನ್ನ ಜೊತೆ ರೂಮಿನಲ್ಲಿರುವ ಕನಕರಾಜುವಿನ ಕಾಮಾಲೆ ಇಳಿಯಿತೆ? ಇಲ್ಲಿ ನಿನ್ನ ಹೆಂಡತಿ ಪವಿತ್ರಾ ಚೆನ್ನಾಗಿದ್ದಾಳೆ, ದಿನಾ ಅಂಗನವಾಡಿ ಕೆಲಸಕ್ಕೆ ಹೋಗಿಬರುತ್ತಾಳೆ. ನಿನ್ನ ತಾಯಿ ಸಣ್ಣತಾಯಮ್ಮನ ಆರೋಗ್ಯವನ್ನು ಹಿಂದಿನ ಎರಡು ಕಾಗದದಲ್ಲೂ ನೀನು ಕೇಳಿಲ್ಲ. ಅದಕ್ಕೆ ನಾನೇ ಹೇಳುತ್ತೇನೆ, ಕೂತು ಓದು.

ಬೀಗದಂಗಡಿಯಲ್ಲಿ ಕೆಲಸ ಮಾಡುವವನು ನೀನು. ಗೌರಿಹಬ್ಬಕ್ಕೆ ಬಂದಾಗ ಬೆರಳಿಟ್ಟರೆ ತೆರೆಯುವ ಬೀಗ ತಂದು ಬಾಗಿಲಿಗೆ ಹಾಕಿದೆ. ನಮಗೂ ಹೆಮ್ಮೆಯೇ ಆಯಿತು. ನಿನ್ನ ಬೆರಳನ್ನು ಹಿಡಿಯಿತು, ಪವಿತ್ರಾಳದನ್ನೂ ಹಿಡಿಯಿತು. ಹೊಗೆಸೊಪ್ಪು ಕಟ್ಟಿ ಕಟ್ಟಿ ಸವೆದ ನಿನ್ನ ಅಮ್ಮನ ಹೆಬ್ಬೆರಳನ್ನು ಹಿಡಿಯಲಿಲ್ಲ. ಎಲ್ಲರ ಮುಂದೆ "ನಿನ್ ಕೈಯಲ್ಲಿ ಗೆರೇನೇ ಇಲ್ಲ ಕಣವ್ವ" ಎಂದು ನಕ್ಕು, ಬೆರಳಿನ ಬದಲು ಬೀಗಕ್ಕೆ ತೋರಿಸುವ ಬಿಲ್ಲೆಯೊಂದನ್ನು ಕೊಟ್ಟೆ. ಅವಳೂ ನಕ್ಕಳು, ಪಾಪ.

ನೀನು ಹೋದ ದಿನದಿಂದ ಆ ಬಿಲ್ಲೆ ಕೆಲಸ ಮಾಡಲಿಲ್ಲ. ತೋರಿಸಿದರೆ ಕೆಂಪು ದೀಪ. ತೊಳೆದಳು, ಒರೆಸಿದಳು, ಬಿಸಿಲಿಗಿಟ್ಟಳು. "ನಾನೇ ಏನೋ ಕೆಡಿಸ್ಬುಟ್ಟೆ ಬಾವ, ಮಗಂಗೆ ಏಳ್ಬ್ಯಾಡಿ" ಎಂದಳು. ಹದಿನೈದು ದಿನ ಕೆಲಸದಿಂದ ಬಂದವಳು ಪವಿತ್ರಾ ಬರುವ ತನಕ ಜಗಲಿಯ ಮೇಲೆ ಕೂತಳು. ಅನ್ನ, ಸಕ್ಕರೆ ಕಾಯಿಲೆಯ ಮಾತ್ರೆ ಒಳಗೆ, ಅವಳು ಹೊರಗೆ. ಸೋಮವಾರ ಅಲ್ಲೇ ಬಿದ್ದಳು. ಆಸ್ಪತ್ರೆಗೆ ಸೇರಿಸಿದವನು ನಾನು. ಈಗ ಎದ್ದು ಓಡಾಡುತ್ತಿದ್ದಾಳೆ.

ಆ ಸಂಜೆ ಪವಿತ್ರಾ ಬೀಗದ ಪುಸ್ತಕವನ್ನೂ, ಬೀಗಕ್ಕೆ ಬೆರಳು ಸೇರಿಸುವ, ಅಳಿಸುವ ಮಾಸ್ಟರ್ ಬಿಲ್ಲೆಯನ್ನೂ ತಂದು ನನ್ನ ಮುಂದಿಟ್ಟಳು. ಪುಸ್ತಕ ಇಂಗ್ಲಿಷು, ನಾನು ನಾಲ್ಕನೇ ಕ್ಲಾಸು. ನಿಘಂಟು ಹಿಡಿದು ಎರಡು ದಿನ ಓದಿದೆ. ಕೊನೆಯ ಪುಟದಲ್ಲಿ ಮಾತ್ರ ಕನ್ನಡ, ನಿನ್ನದೇ ಅಕ್ಷರ. ಒಂದು, ನಾನು. ಎರಡು, ಪವಿತ್ರಾ. ಮೂರು, ಅಮ್ಮನ ಬಿಲ್ಲೆ. ಮೂರರ ಮೇಲೆ ಗೀಟು. ಬಿಲ್ಲೆ ಕೆಟ್ಟಿರಲಿಲ್ಲ, ನೀನು ಅದನ್ನು ಬೀಗದಿಂದ ಅಳಿಸಿ ಬಸ್ಸು ಹತ್ತಿದ್ದೆ. ಪವಿತ್ರಾಳನ್ನು ಗದರಿಸಿ ಕೇಳಿದೆ. ನೀನು ಹಬ್ಬಕ್ಕೆ ಬಂದಿದ್ದಾಗಲೇ, ಜೊತೆಯಲ್ಲಿ ಸೊಪ್ಪು ಕಟ್ಟುವ ಶಿವರುದ್ರಮ್ಮ ಒಳಗೆ ಹೋಗಿ ನೀರು ಕುಡಿಯಲೆಂದು ನಿನ್ನ ಅಮ್ಮ ಬಿಲ್ಲೆ ಕೊಟ್ಟಿದ್ದಳಂತೆ. "ಕಂಡೋರ್ಗೆಲ್ಲ ತೆಗೆಯೋಕೆ ಇದೇನು ಛತ್ರನಾ?" ಎಂದು ಪವಿತ್ರಾಳ ಹತ್ತಿರ ಅಂದೆಯಂತೆ. ಲೋ, ಆ ಮನೆಯ ಗೋಡೆಗೆ ಮಣ್ಣು ತುಳಿದವಳು ನಿನ್ನ ಅಮ್ಮ ಕಣೋ. ಎದುರು ನಿಂತು ಬೈದಿದ್ದರೆ ಮಗ ಅನ್ನಬಹುದಿತ್ತು. ಹೇಳದೆ ಅಳಿಸಿದೆ, ಹೇಡಿ.

ನಿನ್ನೆ ಮಾಸ್ಟರ್ ಬಿಲ್ಲೆ ತೋರಿಸಿ, ಹಸಿರು ದೀಪ ಮಿನುಗಿದ ಮೇಲೆ ಅವಳ ಒಂದೊಂದೇ ಬೆರಳು ಇಡಿಸಿದೆ. ಒಂಬತ್ತು ಸೋತವು. ಎಡಗೈ ಕಿರುಬೆರಳನ್ನು ಮೂರು ಸಲ ಒತ್ತಿಸಿದಾಗ ಬೀಗ ಪೀ ಪೀ ಎಂದಿತು. ಸೊಪ್ಪು ಕಟ್ಟುವ ಹುರಿ ತಾಗದೆ ಉಳಿದದ್ದು ಅದೊಂದೇ. "ಅಯ್ಯೋ, ಕೆಲ್ಸಕ್ ಬಾರದ್ ಬೆಳ್ಳು ಇದು ಬಾವ" ಎಂದು ನಾಚಿಕೊಂಡಳು. ನೀನು ಒಂದೇ ಬೆರಳು ನೋಡಿ ಕೈಬಿಟ್ಟಿದ್ದೆ.

ಪವಿತ್ರಾ ಏನೂ ಹೇಳಿಕಳಿಸಿಲ್ಲ. ನಿನ್ನ ಅಮ್ಮ ಮಾತ್ರ, ಹೊತ್ತಿಗೆ ಸರಿಯಾಗಿ ಉಣ್ಣಲಿ ಅಂದಿದ್ದಾಳೆ. ದೇವರು ನಿನಗೆ ಬುದ್ಧಿ ಕೊಡಲಿ.

ನಿನ್ನ ದೊಡ್ಡಪ್ಪ,
ಚಿಕ್ಕಮಾದಯ್ಯ

ಮರೆತಿದ್ದೆ: ಒಂದನೇ ನಂಬರು ಅಳಿಸಿದ್ದೇನೆ. "ಬುಡಿ ಬಾವ, ಮಗ ಬಾಗ್ಲಲ್ಲಿ ನಿಂತ್ಕಂಡ್ರೆ ನಂಗೇ ಸಂಕ್ಟ" ಅಂದಳು, ನಾನು ಕೇಳಲಿಲ್ಲ. ನಿನ್ನ ಬೆರಳು ಮತ್ತೆ ಸೇರಬೇಕಾದರೆ, ಮಾಡಿದ್ದನ್ನು ಒಪ್ಪಿಕೊಂಡು ಅವಳ ಹೆಸರಿಗೇ ಕಾಗದ ಹಾಕು. ಅವಳಿಗೆ ಓದಿ ಹೇಳುವವನು ನಾನೇ, ಒಂದಕ್ಷರ ಬಿಡುವುದಿಲ್ಲ. ಬೇಗ ಬರೆ.