ಬೆಲೈನೇಶಳ ಮನೆಯ ಮೆಟ್ಟಿಲ ಮೇಲೆ

ಟಕ್‌ವಿಲಾ, ಸಿಯಾಟಲ್ ಹತ್ತಿರ
೧೨ ನವೆಂಬರ್ ೨೦೨೩, ಭಾನುವಾರ

ಪ್ರೀತಿಯ ಅಸ್ಲಿ ಅಕ್ಕಾ,

ಹೇಗಿದ್ದೀಯ? ಮಂಡಿ ನೋವು ಇಳಿಯಿತೇ? ಹೋದ ವಾರ ಫೋನಿನಲ್ಲಿ ಕೇಳಿದಾಗ "ಪರವಾಗಿಲ್ಲ" ಅಂದೆ. ನಿನ್ನ ಪರವಾಗಿಲ್ಲ ಎಂಥದ್ದು ಅಂತ ನನಗೆ ಗೊತ್ತಿಲ್ಲವೇ? ದದಾಬ್ ನಿರಾಶ್ರಿತರ ಕ್ಯಾಂಪಿನಲ್ಲಿ ಮಲೇರಿಯಾ ಬಂದು ನಡುಗುತ್ತಾ ಬೋರ್ಡಿನ ಮೇಲೆ ಬರೆಯುತ್ತಿದ್ದಾಗಲೂ ನೀನು ಪರವಾಗಿಲ್ಲ ಅಂತಲೇ ಅಂದವಳು. ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬೇಡ. ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿಕೊಂಡು ಮಾತ್ರೆ ನುಂಗಿದರೆ ಡಾಕ್ಟರು ಏನು ಮಾಡಿಯಾರು? ನಾವೆಲ್ಲ ಚೆನ್ನಾಗಿದ್ದೇವೆ. ನಮ್ಮ ಯಜಮಾನರು ವರ್ಸಮೆಗೆ ಬೆನ್ನು ಸ್ವಲ್ಪ ಹಿಡಿದುಕೊಂಡಿತ್ತು, ಈಗ ಲಾರಿ ಓಡಿಸುತ್ತಿದ್ದಾರೆ. ದೊಡ್ಡ ನಾಲ್ಕು ಮಕ್ಕಳೂ ಅವರವರ ದಾರಿ ಹಿಡಿದಾಗಿದೆ. ಇಡಿಲ್ ಒಬ್ಬಳೇ ನಮ್ಮ ಜೊತೆ ಇದ್ದಾಳೆ, ಕಾಲೇಜಿಗೆ ಹೋಗುತ್ತಾಳೆ, ಎಲ್ಲದಕ್ಕೂ ಎದುರು ಮಾತಾಡುತ್ತಾಳೆ. ಆರೋಗ್ಯವಾಗಿದ್ದಾಳೆ ಅಂತ ಅದರಿಂದಲೇ ತಿಳಿ.

ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳಬೇಡ. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ನಾನು ಒಂದು ಮಾತು ಆಡಿದರೆ ನೈರೋಬಿಯ ನಿಮ್ಮ ಈಸ್ಟ್‌ಲೀಯ ಅರ್ಧ ಬೀದಿ "ಮಾಶಾ ಅಲ್ಲಾಹ್" ಅನ್ನುತ್ತದೆ. ಈ ಕಾಗದವನ್ನು ನೀನೊಬ್ಬಳೇ ಓದು, ಸೊಸೆಯಿಂದ ಓದಿಸಬೇಡ. ಗುರುವಾರ ನೈರೋಬಿಗೆ ಹೊರಟಿರುವ ನಮ್ಮ ಪಕ್ಕದ ಮನೆಯಾಕೆಯ ಕೈಗೆ ಕೊಡುತ್ತೇನೆ. ಅಕ್ಷರ ಡೊಂಕಾಗಿದ್ದರೆ ಬೈಯಬೇಡ. ಕ್ಯಾಂಪಿನ ಡೇರೆಯಲ್ಲಿ ಕಲಿಸಿದವಳು ನೀನೇ.

ಮೊದಲು ಒಳ್ಳೆಯ ಸುದ್ದಿ. ನನ್ನ ಕೆಲಸ ಉಳಿಯಿತು ಅಕ್ಕಾ. ಹೋಗುವುದರಲ್ಲಿತ್ತು ಅಂತ ನಿನಗೆ ಹೇಳಿಯೇ ಇರಲಿಲ್ಲ, ಅದಕ್ಕೆ ಕ್ಷಮಿಸು. ಮೂರು ತಿಂಗಳು ರಾತ್ರಿಯೆಲ್ಲ ಬಾಡಿಗೆಯ ಲೆಕ್ಕ ಹಾಕುತ್ತಾ ಕೂತಿದ್ದೆ. ಈ ವಾರ ನಿದ್ದೆ ಬರುತ್ತಿದೆ. ನಿನ್ನೆ ಎಷ್ಟು ಮಲಗಿದೆನೆಂದರೆ ವರ್ಸಮೆ ಬಂದು ಮೂಗಿನ ಹತ್ತಿರ ಕೈ ಇಟ್ಟು ನೋಡಿದರು.

ವಿಮಾನ ನಿಲ್ದಾಣದಲ್ಲಿ ನಾನು, ನೀನು ಅಂದುಕೊಂಡಂತೆ, ಆಫೀಸಿನಲ್ಲಿ ಇಲ್ಲ. ವಿಮಾನದ ಒಳಗೆ ಕಸ ಗುಡಿಸುತ್ತೇನೆ. ಜನ ಇಳಿದ ಮೇಲೆ ಮುಂದಿನ ಜನ ಹತ್ತುವ ತನಕ ನಮಗೆ ಹದಿನೆಂಟು ನಿಮಿಷ. ಅಷ್ಟರಲ್ಲಿ ಸೀಟಿನ ಚೀಲಗಳಿಂದ ಕಾಗದ, ಸಿಪ್ಪೆ ತೆಗೆಯಬೇಕು, ಬೆಲ್ಟುಗಳನ್ನು ಒಂದರ ಮೇಲೊಂದು ಮಡಿಸಿಡಬೇಕು, ಕಕ್ಕಸು ತೊಳೆಯಬೇಕು. ಒಮ್ಮೆ ಯಾರದೋ ಹಲ್ಲಿನ ಸೆಟ್ಟೇ ಸಿಕ್ಕಿತ್ತು. ಹದಿನಾಲ್ಕು ವರ್ಷದಿಂದ ನನ್ನ ಜೊತೆ ಅದೇ ಸಾಲುಗಳಲ್ಲಿ ದುಡಿಯುವವಳು ಬೆಲೈನೇಶ್. ಅಡಿಸ್ ಅಬಾಬಾದವಳು, ಕ್ರಿಶ್ಚಿಯನ್. ಎಡಗಡೆ ಸೀಟುಗಳು ಅವಳದು, ಬಲಗಡೆ ನನ್ನದು. ಅವಳ ಉಪವಾಸದ ದಿನ ಬೇಳೆಯ ಗೊಜ್ಜನ್ನೇ ಎಷ್ಟೋ ಸಂಭ್ರಮದಿಂದ ತಿನ್ನುತ್ತಾಳೆ. ನನ್ನ ರಂಜಾನಿನಲ್ಲಿ ಭಾರದ ಚೀಲಗಳನ್ನೆಲ್ಲ ತಾನೇ ಎಳೆಯುತ್ತಾಳೆ. ಅವಳ ರೊಟ್ಟಿ ದೊಡ್ಡದೋ ನಮ್ಮ ರೊಟ್ಟಿ ರುಚಿಯೋ ಅಂತ ಹದಿನಾಲ್ಕು ವರ್ಷದಿಂದ ಜಗಳ. ಯಾರೂ ಸೋತಿಲ್ಲ.

ಒಂದೇ ಕೆಲಸ, ಒಂದೇ ಸಂಬಳ. ಆದರೆ ಅವಳು ಏಳು ವರ್ಷದ ಹಿಂದೆ ಮನೆ ಕೊಂಡಳು. ನನಗೆ ಒಳಗೊಳಗೇ ಉರಿಯಿತು, ಸುಳ್ಳು ಹೇಳುವುದಿಲ್ಲ. ನಾವೂ ಚೀಟಿ ಹಾಕುತ್ತೇವೆ, ಅವರೂ ಹಾಕುತ್ತಾರೆ. ಹೆಸರು ಬೇರೆ, ನಂಬಿಕೆ ಅದೇ. ಹಾಗಿದ್ದ ಮೇಲೆ ಅವರಿಗೆ ಆದದ್ದು ನಮಗೆ ಯಾಕೆ ಆಗಲಿಲ್ಲ?

ಇದನ್ನೇ ಇಡಿಲ್‌ಗೆ ಅವಳ ಮೇಷ್ಟ್ರು ಪಾಠವಾಗಿ ಕೊಟ್ಟುಬಿಟ್ಟರು, ನೋಡು ತಮಾಷೆ. ನಿಮ್ಮ ಪ್ರದೇಶದ ಎರಡು ವಲಸೆ ಸಮುದಾಯಗಳನ್ನು ಹೋಲಿಸಿ ಬರೆಯಿರಿ ಅಂದರಂತೆ. ಇವಳು ಸೊಮಾಲಿಯವರನ್ನೂ ಇಥಿಯೋಪಿಯಾದವರನ್ನೂ ಆರಿಸಿಕೊಂಡು, ಸರ್ಕಾರದ ಪಟ್ಟಿಗಳನ್ನೆಲ್ಲ ಕೆದಕಿ, ಬರೆದದ್ದನ್ನು ಊಟದ ಹೊತ್ತಿನಲ್ಲಿ ಓದಿದಳು. ಮನೆಯ ಆದಾಯ, ಓದಿದ ವರ್ಷ, ಸ್ವಂತ ಮನೆ ಎಲ್ಲದರಲ್ಲೂ ನಾವು ಕೆಳಗೆ. ಒಂದು ಮನೆಯಲ್ಲಿ ಎಷ್ಟು ಜನ ಅನ್ನುವುದರಲ್ಲಿ ಮಾತ್ರ ನಾವೇ ಮೇಲೆ. ವರ್ಸಮೆ ಅನ್ನದ ತಟ್ಟೆ ಸರಿಸಿ, "ನಮ್ಮನ್ನ ತಕ್ಕಡೀಲಿ ಹಾಕಿ ತೂಗೋದು ಬಿಟ್ರೆ ಇವ್ರಿಗೆ ಬೇರೆ ಕೆಲ್ಸಾನೇ ಇಲ್ವಾ?" ಅಂದರು. "ತೂಗಿದ್ದು ನಾನೇ ಅಪ್ಪಾ, ಮಾರ್ಕ್ಸ್‌ಗೆ," ಅಂದಳು ಇವಳು. ಅವರು ಮತ್ತೆ ತಟ್ಟೆ ಎಳೆದುಕೊಂಡರು.

ಆದರೆ ಆ ಹುಡುಗಿ ಪಟ್ಟಿಯ ಕೆಳಗೆ ಬರೆದದ್ದು ನನ್ನ ಮನಸ್ಸಿನಲ್ಲಿ ಉಳಿಯಿತು. ಬೆಲೈನೇಶಳಿಗೆ ಅಮೆರಿಕ ಸರ್ಕಾರ ಎತ್ತುವ ಲಾಟರಿಯಲ್ಲಿ ವೀಸಾ ಬಂತು. ಹನ್ನೆರಡನೇ ಕ್ಲಾಸಿನ ಸರ್ಟಿಫಿಕೇಟು ಚೀಲದಲ್ಲಿಟ್ಟುಕೊಂಡು, ಗಂಡ ಮತ್ತು ಒಬ್ಬ ಮಗನ ಜೊತೆ ಬಂದಳು. ಇಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಅಣ್ಣ ಎದುರುಗೊಂಡು ರೂಮು ತೋರಿಸಿದ. ನಾವು ಹನ್ನೊಂದು ವರ್ಷ ಕ್ಯಾಂಪಿನಲ್ಲಿ ಕಳೆದು ಐದು ಮಕ್ಕಳನ್ನು ಕಟ್ಟಿಕೊಂಡು ಇಳಿದಾಗ ನಮ್ಮನ್ನು ಎದುರುಗೊಂಡದ್ದು ನಮ್ಮ ಹೆಸರನ್ನು ತಪ್ಪಾಗಿ ಬರೆದ ಒಂದು ರಟ್ಟು. ಅವಳು ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಿದಳು. ವರ್ಸಮೆ ಹಾಕಲಿಲ್ಲ. "ಬಡ್ಡಿ ಕಟ್ಟೋ ಮನೇಲಿ ಯಾವ ಮುಖ ಇಟ್ಕೊಂಡು ನಮಾಜ್ ಮಾಡ್ಲಿ?" ಅಂದರು. ಅವರ ಮಾತು ನನಗೂ ಸರಿಯೇ. ಅವಳೂ ಊರಿಗೆ ದುಡ್ಡು ಕಳಿಸುತ್ತಾಳೆ, ಆದರೆ ಅವಳ ಊರು ಒಂದೇ ಕಡೆ ಇದೆ. ನಮ್ಮವರು ನಾಲ್ಕು ದೇಶಗಳಲ್ಲಿ ಚೆಲ್ಲಿದ್ದಾರೆ, ನಾಲ್ಕು ಕಡೆಗೂ ಕಳಿಸಬೇಕು. ನಿನ್ನನ್ನು ಹಂಗಿಸಲು ಬರೆದದ್ದಲ್ಲ ಅಕ್ಕಾ, ಆಣೆಗೂ ಅಲ್ಲ. ಇಷ್ಟು ವರ್ಷ ಇದು ನನ್ನ ದಡ್ಡತನ, ನನ್ನ ಸೋಮಾರಿತನ ಅಂದುಕೊಂಡಿದ್ದೆ. ಹತ್ತೊಂಬತ್ತು ವರ್ಷದ ಮಗಳು ಅಲ್ಲ ಅಂತ ಬರೆದು ತೋರಿಸಿದಾಗ ಪಾತ್ರೆ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಅತ್ತೆ.

ಆಗಸ್ಟಿನಲ್ಲಿ ಸುದ್ದಿ ಬಂತು. ಗುಡಿಸುವ ಗುತ್ತಿಗೆ ಬೇರೆ ಕಂಪನಿಗೆ ಹೋಯಿತು, ಅರವತ್ತು ಜನರಲ್ಲಿ ನಲವತ್ತು ಜನರನ್ನು ಮಾತ್ರ ಇಟ್ಟುಕೊಳ್ಳುತ್ತಾರೆ ಅಂತ. ಯಾರು ಹೇಳಿದರು ಅಂತ ಯಾರಿಗೂ ಗೊತ್ತಿಲ್ಲ. ಮಾರನೆಯ ದಿನದಿಂದ ಊಟದ ಕೋಣೆಯಲ್ಲಿ ಮೇಜುಗಳೇ ಬೇರೆಯಾದವು. ಆ ಕಡೆ ಅವರು, ಈ ಕಡೆ ನಾವು. ಬೆಲೈನೇಶ್ ಕಣ್ಣು ತಪ್ಪಿಸಿದಳೋ ನಾನು ತಪ್ಪಿಸಿದೆನೋ, ಒಟ್ಟಿನಲ್ಲಿ ರೊಟ್ಟಿಯ ಜಗಳ ನಿಂತುಹೋಯಿತು. ಮನೆ ಬಾಡಿಗೆ ಏರಿಸುವ ಕಾಗದವೂ ಅದೇ ವಾರ ಬಾಗಿಲಿಗೆ ಅಂಟಿತ್ತು.

ಒಂದು ಶುಕ್ರವಾರ ನಮಾಜ್ ಮುಗಿದ ಮೇಲೆ ನಮ್ಮ ಕೆಲಸದವರೆಲ್ಲ ಚಹಾದಂಗಡಿಯಲ್ಲಿ ಕೂಡಿದರು. ನಾನೂ ಹೋಗಿದ್ದೆ. "ಇಥಿಯೋಪಿಯಾದ ಆ ಹಬಷಿಗಳು ಸುಮ್ನೆ ಕೂತಿದಾರೆ ಅಂದ್ಕೊಂಡ್ರಾ? ನಾವೇ ಮೊದ್ಲು ಹೋಗಿ ಹೇಳೋಣ," ಅಂದ ಒಬ್ಬ. ಅವರು ಭಾನುವಾರ ಬೇಗ ಹೋಗುತ್ತಾರೆ, ಒಬ್ಬರ ಹಾಜರಿ ಕಾರ್ಡನ್ನು ಇನ್ನೊಬ್ಬರು ಒತ್ತುತ್ತಾರೆ ಅಂತ ಹೊಸ ಮ್ಯಾನೇಜರಿಗೆ ಹೇಳುವುದು ಅಂತ ತೀರ್ಮಾನವಾಯಿತು. ಎರಡೂ ಮಾತು ಶುದ್ಧ ಸುಳ್ಳು. ನನಗೆ ಗೊತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಬೆಲೈನೇಶ್ ಒಂದು ನಿಮಿಷ ಮೊದಲು ಹೋದದ್ದನ್ನು ನಾನು ಕಂಡಿಲ್ಲ. "ಏನ್ ದಹಾಬೋ, ನೀನೇನ್ ಹೇಳ್ತೀಯ?" ಅಂತ ಕೇಳಿದರು. ಬಾಡಿಗೆಯ ಕಾಗದ ಕಣ್ಣ ಮುಂದೆ ಬಂತು. ನಾನು ಬಗ್ಗಿ ಚಹಾ ಕುಡಿದೆ ಅಕ್ಕಾ. ನೀನು ಬೋರ್ಡಿನ ಮೇಲೆ ಬರೆದು ಹೇಳಿಸುತ್ತಿದ್ದ ಮಾತುಗಳೆಲ್ಲ ಆ ಲೋಟದೊಳಗೆ ಮುಳುಗಿದವು.

ಮೂವರು ಹೋಗಿ ಹೇಳಿಯೂ ಬಂದರು. ಆಮೇಲಿನ ದಿನಗಳು ಹೇಗಿದ್ದವು ಅಂತ ಏನು ಬರೆಯಲಿ? ಅದೇ ಸಾಲುಗಳಲ್ಲಿ ಎಡಗಡೆ ಅವಳು, ಬಲಗಡೆ ನಾನು. ನಡುವಿನ ದಾರಿ ಒಂದು ಮೊಳ ಅಗಲ. ಅದನ್ನು ದಾಟಿ ಒಂದು ಮಾತೂ ಹೋಗಲಿಲ್ಲ.

ಹೋದ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರನ್ನೂ ಕರೆದು ಗೋಡೆಗೆ ಪಟ್ಟಿ ಅಂಟಿಸಿದರು. ಹೆಸರು ಇರಲಿಲ್ಲ, ಕಾರ್ಡಿನ ನಂಬರು ಮಾತ್ರ. ನನ್ನ ಕನ್ನಡಕ ಮಂಜಾಯಿತು. ಹಿಂದಿನಿಂದ ಯಾರೋ "ಅರವತ್ತೂ ಇದೆ!" ಅಂತ ಕೂಗಿದರು. ಅರವತ್ತೂ ಇತ್ತು, ಅಕ್ಕಾ. ಗುತ್ತಿಗೆ ಕೈ ಬದಲಾದರೂ ಹಳಬರನ್ನು ಕೆಲಸದಿಂದ ಬಿಡಿಸಬಾರದು ಅಂತ ಈ ಊರಿನ ನಿಯಮವೇ ಇದೆಯಂತೆ, ಹೊಸ ಮ್ಯಾನೇಜರಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ನಮ್ಮ ಚಾಡಿ ಅವನ ಒಂದು ಕಿವಿಯಲ್ಲೂ ನಿಂತಿರಲಿಲ್ಲ. ಕೆಲವರು ತಬ್ಬಿಕೊಂಡರು. ಕೆಲವರು ನೆಲದ ಮೇಲೆ ಕೂತುಬಿಟ್ಟರು. ಚಾಡಿ ಹೇಳಿ ಬಂದ ಮೂವರು ಕಾಫಿ ಯಂತ್ರದ ಹಿಂದೆ ಹೋಗಿ ನಿಂತರು.

ಮಧ್ಯಾಹ್ನ ಒಂದು ವಿಮಾನದಲ್ಲಿ, ಹನ್ನೆರಡನೆಯ ಸಾಲಿನ ಹತ್ತಿರ, ನನಗೆ ತಡೆಯಲಾಗಲಿಲ್ಲ. "ಬೆಲೈನೇಶ್, ನಮ್ಮೋರು ನಿಮ್ಮ ಮೇಲೆ ಇಲ್ದಿದ್ದೆಲ್ಲ ಹೇಳಿ ಬಂದ್ರು. ನಾನು ಅಲ್ಲೇ ಕೂತಿದ್ದೆ. ಬಾಯಿ ಬಿಡ್ಲಿಲ್ಲ," ಅಂದೆ. ಅವಳು ಬೆನ್ನಿಗೆ ಹಾಕಿಕೊಂಡಿದ್ದ ಧೂಳೆಳೆಯುವ ಯಂತ್ರ ಆರಿಸಿದಳು. "ಗೊತ್ತು," ಅಂದಳು. "ಯಾರ್ ಹೇಳಿದ್ರು?" ಅಂದರೆ, "ಯಾರೂ ಹೇಳ್ಬೇಕಾಗಿಲ್ಲ. ನಮ್ಮೋರು ನಿಮಗಿಂತ ಎರಡು ದಿನ ಮೊದ್ಲೇ ಹೋಗಿದ್ರು. ನೀವು ನಮಾಜ್ ಅಂತ ಹೋದ್ರೆ ಅರ್ಧ ಗಂಟೆ ಪತ್ತೆ ಇರಲ್ಲ ಅಂತ ಹೇಳಿದ್ರು. ಮಾತು ಆಗಿದ್ದು ನಮ್ಮನೇಲೇ ಕಣೇ. ಎಲ್ರಿಗೂ ಕಾಫಿ ಸುರಿದವಳು ನಾನೇ," ಅಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ಅವಳು ಅತ್ತಳೋ ನಾನು ನಕ್ಕೆನೋ ನೆನಪಿಲ್ಲ. ಹೊರಗಿನಿಂದ "ಆರು ನಿಮಿಷ!" ಅಂತ ಕೂಗಿದರು. ಅಳುತ್ತಲೇ ಬೆಲ್ಟು ಮಡಿಸಿದೆವು.

ಆ ಸಂಜೆ ಅವಳ ಮನೆಗೆ ಹೋದೆ. ಅವತ್ತು ತಿಳಿಯಿತು, ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಯವರಿದ್ದಾರೆ, ಇವರು ನೆಲಮಾಳಿಗೆಗೆ ಇಳಿದು ನಾಲ್ಕು ವರ್ಷವಾಯಿತು. ಗಂಡ ಎರಡು ಕಡೆ ದುಡಿಯುತ್ತಾನೆ, ಇಬ್ಬರೂ ಒಟ್ಟಿಗೆ ಊಟ ಮಾಡುವುದು ಭಾನುವಾರ ಮಾತ್ರ. "ನಿನ್ನ ಕೆಲ್ಸ ಹೋಗಿದ್ರೆ ನೀನು ಇನ್ನೊಂದ್ಕಡೆ ಬಾಡಿಗೆಗೆ ಹೋಗ್ತಿದ್ದೆ. ನನ್ನ ಬ್ಯಾಂಕಿನೋರು ಬೀದೀಲಿ ನಿಲ್ಲಿಸ್ತಿದ್ರು," ಅಂದಳು. ನಮ್ಮಲ್ಲಾದರೆ ಯಾವುದಾದರೂ ನೆಂಟರ ಮನೆಯಲ್ಲಿ ಐದಾರು ಹಾಸಿಗೆ ಬೀಳುತ್ತಿತ್ತು, ಇಕ್ಕಟ್ಟಾದರೂ ಯಾರೂ ಎಷ್ಟು ದಿನ ಅಂತ ಕೇಳುತ್ತಿರಲಿಲ್ಲ. ಇಡಿಲ್‌ಳ ಪಟ್ಟಿಯಲ್ಲಿ ಅದನ್ನು ಲೆಕ್ಕ ಹಾಕಲು ಜಾಗವೇ ಇರಲಿಲ್ಲ. ಹಾಗಂತ ನಾವೇ ಮೇಲು ಅಂತಲೂ ಅಲ್ಲ. ಅವಳ ಮಗ ಎಂಜಿನಿಯರಿಂಗ್ ಮುಗಿಸಿದ, ನನ್ನ ದೊಡ್ಡವನು ಓದು ಬಿಟ್ಟು ಲಾರಿ ಹತ್ತಿದ. ಆ ನೋವು ನೋವೇ.

ಈಗ ಎದೆ ಗಟ್ಟಿ ಮಾಡಿಕೊಂಡು ಬರೆಯುತ್ತೇನೆ. ಏಳು ವರ್ಷದ ಹಿಂದೆ ನಾನು ಒಂದು ಫೋಟೋ ಕಳಿಸಿದ್ದೆನಲ್ಲ, ನಾನೂ ಇಡಿಲ್‌ಳೂ ಒಂದು ಮನೆಯ ಮೆಟ್ಟಿಲ ಮೇಲೆ ನಿಂತಿರುವುದು, ನೀನು ಕಟ್ಟು ಹಾಕಿಸಿ ಗೋಡೆಗೆ ಹಾಕಿರುವುದು. ಅದು ಬೆಲೈನೇಶಳ ಮನೆ. ಗೃಹಪ್ರವೇಶಕ್ಕೆ ಹೋಗಿದ್ದೆವು. ನಾನು ಮನೆ ಕೊಂಡೆ ಅಂತ ಬರೆದಿರಲಿಲ್ಲ. ಆದರೆ ನೀನು ಫೋನಿನಲ್ಲಿ "ಅಮ್ಮ ಇರ್ಬೇಕಿತ್ತು ಕಣೇ ಇದನ್ನ ನೋಡೋಕೆ" ಅಂತ ಅತ್ತಾಗ, ನಿನ್ನ ಹಿಂದೆ ಹತ್ತು ಹೆಂಗಸರು ಸಂಭ್ರಮದಿಂದ ಕೂಗು ಹಾಕಿದಾಗ, ಅಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಆಮೇಲೆ ಸುಳ್ಳು ತಾನೇ ಬೆಳೆಯಿತು. ಅವಳ ಚಾವಣಿ ಸೋರಿದರೆ ನನ್ನ ಚಾವಣಿ ಸೋರಿತು ಅಂದೆ. ಅವಳು ಸುಣ್ಣ ಬಣ್ಣ ಮಾಡಿಸಿದರೆ ನಾನು ಬಣ್ಣ ಆರಿಸಿದ ಕಥೆ ಹೇಳಿದೆ. ನಾವಿರುವುದು ಮೂರನೆಯ ಮಹಡಿಯಲ್ಲಿ, ಎರಡು ಕೋಣೆ, ಬಾಡಿಗೆಗೆ.

ಇದನ್ನು ಬೆಲೈನೇಶಳಿಗೂ ಅವತ್ತೇ ಹೇಳಿಬಿಟ್ಟೆ. ಅವಳು ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡಳು. "ಏಳು ವರ್ಷದಿಂದ ನಿನ್ನ ಮನೇಲಿ ನಾನು ಬಿಟ್ಟಿ ಇದೀನಾ ಹಾಗಾದ್ರೆ? ಕಂತು ಯಾಕೇ ಕಟ್ಲಿಲ್ಲ, ಮನೆ ಯಜಮಾನೀ?" ಅಂದಳು. ಆಮೇಲೆ ನಗು ನಿಲ್ಲಿಸಿ, "ನಿಮ್ಮಕ್ಕಂಗೆ ಬರಿ. ಮನೆ ನೋಡಿ ಅತ್ತಿದ್ದಲ್ಲ ಅವ್ರು, ನಿನ್ನ ನೋಡಿ ಅತ್ತಿದ್ದು," ಅಂದಳು. ಅದಕ್ಕೇ ಬರೆಯುತ್ತಿದ್ದೇನೆ. ಬೈಯುವುದಾದರೆ ಮನಸಾರೆ ಬೈ. ಆದರೆ ಇಷ್ಟು ಬರೆದ ಮೇಲೆ ನನ್ನ ಮೈ ಎಷ್ಟು ಹಗುರಾಗಿದೆ ಅಂದರೆ ಈಗ ಎದ್ದು ಅಡುಗೆ ಮನೆಯನ್ನೆಲ್ಲ ತೊಳೆದು ಬರುವಷ್ಟು.

ನಿನ್ನ ಕೈಕಾಲಿಗೆ ಅಲ್ಲಾಹನು ಶಕ್ತಿ ಕೊಡಲಿ, ನಿನ್ನ ಮನೆಯ ಒಲೆ ಎಂದೂ ತಣ್ಣಗಾಗದಿರಲಿ. ವರ್ಸಮೆ ಸಲಾಂ ಹೇಳಿದ್ದಾರೆ. ಇಡಿಲ್ ನಿನ್ನ ಕೈಗೆ ಮುತ್ತು ಕಳಿಸಿದ್ದಾಳೆ. ಬೆಲೈನೇಶಳೂ ಸೇರಿಸಿ ಬರೆ ಅಂದಳು, ಅವಳ ನಮಸ್ಕಾರವೂ ಇದೆ.

ಇಂತಿ ನಿನ್ನ ಬೆನ್ನಿಗೆ ಬಿದ್ದ ತಂಗಿ,
ದಹಾಬೋ

ಮರೆತೆ. ಇವತ್ತೇ ಗುರುವಾರ, ಕಾಗದ ಒಯ್ಯುವಾಕೆ ಬಾಗಿಲಲ್ಲೇ ನಿಂತಿದ್ದಾಳೆ, ಅವಳ ಗಂಡ ಕೆಳಗೆ ಕಾರಿನ ಹಾರನ್ ಒತ್ತುತ್ತಿದ್ದಾನಂತೆ. ಏಳು ವರ್ಷದಿಂದ ರಜೆ ಸಿಗುವುದಿಲ್ಲ ಅನ್ನುತ್ತಿದ್ದೆನಲ್ಲ, ರಜೆ ಸಿಗುತ್ತಿತ್ತು ಅಕ್ಕಾ. ಬರಲು ಮುಖ ಇರಲಿಲ್ಲ. ಮಕ್ಕಳು ಸೇರಿ ಟಿಕೆಟ್ ತೆಗೆದಿದ್ದಾರೆ. ಜನವರಿ ಹದಿನಾಲ್ಕು, ಭಾನುವಾರ ಬೆಳಿಗ್ಗೆ ನೈರೋಬಿಯಲ್ಲಿ ಇಳಿಯುತ್ತೇನೆ. ಯಾರಿಗೂ ಏನೂ ತರುತ್ತಿಲ್ಲ, ಬರೀ ನಾನು. ಓದಿದ ಮೇಲೂ ಬಾ ಅನ್ನಿಸಿದರೆ ಫೋನ್ ಮಾಡಿ "ಬಾ" ಅಂತ ಒಂದು ಮಾತು ಅನ್ನು. ಸ್ಪೀಕರಿನಲ್ಲೇ ಅನ್ನು, ಎಲ್ಲರೂ ಕೇಳಲಿ.