ಖಾಲಿ ಮರಳಿದ ಲಾರಿ

ಅದ್ರೆ ಗಡಿ, ಚಾಡ್

ಅಕ್ಕಾ, ನೀವೆಲ್ಲ ಸೌಖ್ಯವೆಂದು ನಂಬಿದ್ದೇನೆ. ನನ್ನ ಜ್ವರ ಬಿಟ್ಟಿದೆ, ಧೂಳಿಗೆ ಕಣ್ಣು ಮಾತ್ರ ಉರಿಯುತ್ತದೆ.

ಸುಡಾನಿಗೆ ಒಯ್ಯಬೇಕಾದ ನೆರವಿನ ಜೋಳ ಹೇರಿಕೊಂಡು, ಗಡಿ ದಾಟುವ ಅಪ್ಪಣೆಗಾಗಿ ವಾರಗಟ್ಟಲೆ ಇಲ್ಲೇ ನಿಂತಿದ್ದೆವು. ಯುದ್ಧಕ್ಕೆ ಹೆದರಿದ ಅಲ್ಲಿನ ಜನ ನಮ್ಮ ಲಾರಿಗಳ ಪಕ್ಕದಲ್ಲೇ ಈಚೆಗೆ ನಡೆದು ಬರುತ್ತಿದ್ದರು. ಅವರಲ್ಲಿ ಕಲ್ತೂಮ ಎಂಬಾಕೆ ಕೇಳಿದಳು, "ಅಣ್ಣಾ, ಈ ಜೋಳ ಯಾವೂರಿಗೆ?"

"ನಿಮ್ಮೂರಿಗೇ ತಾಯಿ, ಜೆನೀನಾಕ್ಕೆ."

"ಊರೇ ಈ ಕಡೆ ಬಂದ್ಬಿಟ್ತಲ್ಲಣ್ಣಾ! ಹೋಗ್ಲಿ, ನನ್ ತಂಗಿ ಮಸ್ತೂರ ತುಂಬು ಬಸುರಿ, ನಡೆಯೋಕಾಗ್ದೆ ಅಲ್ಲೇ ಉಳಿದಿದಾಳೆ. ಸಿಕ್ರೆ ಅವಳಿಗೊಂದಿಷ್ಟು ಕೊಡು."

ನಿನ್ನೆ ಅಪ್ಪಣೆ ಸಿಕ್ಕಿತು. ಜೆನೀನಾದಲ್ಲಿ ಜೋಳ ಇಳಿಸಿ ವಿಚಾರಿಸಿದರೆ, ಮಸ್ತೂರ ಬೆಳಿಗ್ಗೆಯೇ ಕತ್ತೆಗಾಡಿಯಲ್ಲಿ ಗಡಿಯ ಕಡೆ ಹೊರಟಿದ್ದಳು. ಮರಳುವಾಗ ದಾರಿಯಲ್ಲೇ ಸಿಕ್ಕಳು. ಗಾಡಿಯ ಗಾಲಿ ಮುರಿದಿತ್ತು. ಹೊಟ್ಟೆ ಹಿಡಿದುಕೊಂಡು ಬಿಸಿಲಲ್ಲಿ ಕೂತಿದ್ದಳು. ಹತ್ತಿಸಿಕೊಳ್ಳೋಣವೆಂದು ಕೆಳಗಿಳಿದೆ. ನಮ್ಮ ಲಾರಿಗಳ ಮುಂದಾಳು ಓಡಿ ಬಂದು ತಡೆದ.

"ನೆರವಿನ ಲಾರಿಗೆ ಜನರನ್ನ ಹತ್ತಿಸಿದ್ರೆ ಗಡಿ ಕಾಯೋರು ನಾಳೆಯಿಂದ ಒಂದು ಕಾಳನ್ನೂ ಒಳಗೆ ಬಿಡಲ್ಲ ಕಣೋ!"

ಅವನ ಮಾತು ಸುಳ್ಳಲ್ಲ. ನನ್ನ ನೀರು, ರೊಟ್ಟಿ ಅವಳ ಮಡಿಲಿಗಿಟ್ಟು ಬಂದೆ.

ಸಂಜೆ ಯಾರೋ ಅವಳನ್ನು ಗಡಿಯ ಈಚೆಗೆ ಹೊತ್ತು ತಂದರು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಕಲ್ತೂಮ ನನ್ನನ್ನು ಬೈಯಲಿಲ್ಲ ಅಕ್ಕಾ. "ಲಾರಿ ಖಾಲಿ ಇತ್ತಾ ಅಣ್ಣಾ?" ಎಂದಷ್ಟೇ ಕೇಳಿದಳು.

ಹೌದು ಎಂದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಮ್ಮ,
ನಾಜಿಲೆಮ್