ಮರದಲ್ಲೇ ಕಟ್ಟಿದ ಊರುಗೋಲು

ಮಾವನವರಿಗೆ ನಮಸ್ಕಾರ.

ನೀವು ಮಗಳ ಮನೆಯಲ್ಲಿ ಕೂತು ಬೇಲಿಸಾಲಿನ ಮರ ಕಡಿಯಲು ಕಳಿಸಿದ ಆಳುಗಳಿಗೆ ಚಹಾ ಕೊಟ್ಟು ವಾಪಸು ಕಳಿಸಿದ್ದೇನೆ. "ಟ್ರ್ಯಾಕ್ಟರ್ ತಿರುಗೋಕೆ ಜಾಗ ಸಾಲಲ್ವಂತೆ, ಯಜಮಾನ್ರು ಹೇಳಿದ್ರು" ಅಂದರು. "ಓಡಿಸೋಳು ನಾನು, ನನಗೆ ಸಾಲುತ್ತೆ" ಅಂದೆ.

ಅದು ನಿಮ್ಮ ಅಜ್ಜ ನೆಟ್ಟ ಸಾಲು. ನೇಗಿಲು, ಏಣಿ, ನಿಮ್ಮ ಮಗನ ತೊಟ್ಟಿಲು ಎಲ್ಲವೂ ಅದರ ಕೊಂಬೆಗಳಿಂದಲೇ ಆದವು. ಬುಡಕ್ಕೆ ಮಾತ್ರ ಯಾರೂ ಕೈಹಾಕಿರಲಿಲ್ಲ. ನಾನಿರುವಾಗ ಹಾಕಲು ಬಿಡುವುದೂ ಇಲ್ಲ.

ಊರುಗೋಲು ಸೀಳಿದೆ, ಹೊಸದು ಬೇಕು ಎಂದಿದ್ದಿರಿ. ನೀವೇ ಕಲಿಸಿದ ಹಾಗೆ, ಮೂಲೆಯ ಮರದ ಎಳೆ ಕೊಂಬೆಯೊಂದನ್ನು ಹಿಡಿಕೆಯ ಆಕಾರಕ್ಕೆ ಬಾಗಿಸಿ ಮರದಲ್ಲೇ ಕಟ್ಟಿದ್ದೇನೆ. ಬಲಿಯಲು ಮೂರು ವರ್ಷ ಬೇಕು. ಅಲ್ಲಿಯವರೆಗೆ ಮರವೂ ಇರಬೇಕು, ನೀವೂ ಇರಬೇಕು.

ಮಾತು ಮೀರಿದ
ನಿಮ್ಮ ಸೊಸೆ